ಒಂದೇ ವಿಮಾನ, ಒಂದೇ ಮೈಲ್: ದೇಶ ಬದಲಾದರೆ ಕಾರ್ಡಿನ ಲೆಕ್ಕ ಯಾಕೆ ಬದಲಾಗುತ್ತದೆ?

ಕಿಟಕಿಸೀಟು

ಜರ್ಮನಿಯ ವಿಮಾನ ಕಂಪನಿ ಲುಫ್ತಾನ್ಸಾದ ಮೈಲ್ಸ್ ಅಂಡ್ ಮೋರ್ ಕ್ರೆಡಿಟ್ ಕಾರ್ಡನ್ನೇ ನೋಡಿ. ಇದರಲ್ಲಿ ಖರ್ಚು ಮಾಡಿದರೆ ಮೈಲ್ ಸಿಗುತ್ತದೆ, ಅಂದರೆ ಮುಂದೆ ವಿಮಾನದ ಟಿಕೆಟ್‌ಗೆ ಬಳಸಬಹುದಾದ ಪಾಯಿಂಟ್. ಜರ್ಮನಿಯಲ್ಲಿ ಈ ಕಾರ್ಡಿಗೆ ಬಹುಕಾಲ 2 ಯೂರೊ ಖರ್ಚಿಗೆ 1 ಮೈಲ್ ಸಿಗುತ್ತಿತ್ತು. ಅಮೆರಿಕದಲ್ಲಿ ಬಾರ್ಕ್ಲೇಸ್ ಬ್ಯಾಂಕ್ ಕೊಟ್ಟ ಅದೇ ಹೆಸರಿನ ಕಾರ್ಡಿಗೆ 1 ಡಾಲರಿಗೇ 1 ಮೈಲ್. ಲುಫ್ತಾನ್ಸಾ ಟಿಕೆಟ್ ಕೊಂಡರೆ 2. ಕಾರ್ಡ್ ತೆಗೆದುಕೊಂಡ ಹೊಸತರಲ್ಲಿ ಹತ್ತಾರು ಸಾವಿರ ಮೈಲ್ ಬೋನಸ್ ಬೇರೆ. ವಿಮಾನ ಒಂದೇ, ಸೀಟು ಒಂದೇ. ಜರ್ಮನಿಯ ಕಂಪನಿ ತನ್ನ ದೇಶದವರಿಗಿಂತ ಅಮೆರಿಕದವರಿಗೆ ಕೈ ಬಿಚ್ಚಿ ಕೊಡುತ್ತದೆ. ಯಾಕೆ?

"ಅಲ್ಲಿ ಪೈಪೋಟಿ ಜಾಸ್ತಿ" ಎಂದು ಹೇಳಿ ಮುಗಿಸುವವರು ತುಂಬಾ ಜನ. ನನಗೆ ಅದು ಸಾಲದು ಅನಿಸುತ್ತದೆ. ಆ ದೇಶದ ಜನ ದುಡ್ಡು ಹೇಗೆ ಕಟ್ಟುತ್ತಾರೆ, ಸಾಲ ಎಲ್ಲಿಂದ ತೆಗೆಯುತ್ತಾರೆ, ಬಿಲ್ಲನ್ನು ಪೂರ್ತಿ ತೀರಿಸುತ್ತಾರೋ ಬಾಕಿ ಉಳಿಸುತ್ತಾರೋ, ಇದರ ಮೇಲೆ ಕಾರ್ಡಿನ ಮೈಲ್ ನಿಂತಿದೆ ಎನ್ನುವುದು ನನ್ನ ವಾದ.

ಇದರ ಒಳಗುಟ್ಟು ಹೀಗಿದೆ. ವಿಮಾನ ಕಂಪನಿ ಮೈಲನ್ನು ಪುಕ್ಕಟೆ ಹಂಚುವುದಿಲ್ಲ. ಬ್ಯಾಂಕಿಗೆ ಸಗಟಾಗಿ ಮಾರುತ್ತದೆ. ಬ್ಯಾಂಕ್ ಅದನ್ನು ಕೊಂಡು ನಮಗೆ ಕೊಡುತ್ತದೆ. ಕೊಳ್ಳಲು ಬ್ಯಾಂಕಿಗೆ ದುಡ್ಡು ಬರುವುದು ಮುಖ್ಯವಾಗಿ ಮೂರು ಕಡೆಯಿಂದ: ಪ್ರತಿ ಸ್ವೈಪ್‌ಗೂ ಅಂಗಡಿಯವರಿಂದ ಬರುವ ಇಂಟರ್‌ಚೇಂಜ್ ಶುಲ್ಕ, ಬಾಕಿ ಉಳಿಸಿದವರ ಬಡ್ಡಿ, ನಾವು ಕಟ್ಟುವ ವಾರ್ಷಿಕ ಶುಲ್ಕ.

ಲೆಕ್ಕಕ್ಕೆ ಒಂದು ಮೈಲಿಗೆ 1 ಸೆಂಟ್ ಸಗಟು ಬೆಲೆ ಎಂದು ಇಟ್ಟುಕೊಳ್ಳೋಣ. ಅಮೆರಿಕದಲ್ಲಿ ಒಳ್ಳೆಯ ದರ್ಜೆಯ ಕಾರ್ಡಿನಲ್ಲಿ 100 ಡಾಲರ್ ಉಜ್ಜಿದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಸುಮಾರು 2 ಡಾಲರ್ ಸೇರುತ್ತದೆ. ಅದರಲ್ಲಿ 1 ಡಾಲರ್ ಕೊಟ್ಟು 100 ಮೈಲ್ ಕೊಂಡರೂ ಕೈಯಲ್ಲಿ 1 ಡಾಲರ್ ಉಳಿಯಿತು. ಯುರೋಪಿಯನ್ ಒಕ್ಕೂಟದಲ್ಲಿ ಕ್ರೆಡಿಟ್ ಕಾರ್ಡಿನ ಇಂಟರ್‌ಚೇಂಜ್ 0.3% ದಾಟುವಂತಿಲ್ಲ. 100 ಯೂರೊ ಉಜ್ಜಿದರೆ ಬ್ಯಾಂಕಿಗೆ ಬರುವುದು 30 ಸೆಂಟ್. 50 ಮೈಲ್ ಕೊಡಬೇಕಾದರೆ 20 ಸೆಂಟ್ ಬೇರೆ ಕಡೆಯಿಂದ ತರಬೇಕು. ಜರ್ಮನಿಯ ಕಾರ್ಡಿಗೆ ವಾರ್ಷಿಕ ಶುಲ್ಕ ಗಟ್ಟಿಯಾಗಿರುವುದು ಇದಕ್ಕೇ.

ಬೇರೆ ದೇಶಗಳ ವಿಷಯ ಗೊತ್ತಿರುವವರು ದಯವಿಟ್ಟು ಬರೆಯಿರಿ. ಇದನ್ನು ಒಂದೇ ಕಡೆ ಸೇರಿಸಿ ನೋಡುವ ಆಸೆ ನನಗೆ ಬಹಳ ದಿನದಿಂದ ಇದೆ.

---

ಪಾಸ್‌ಬುಕ್

ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ತಕರಾರು ಇದೆ. ನೀವು ಜನರ ರೂಢಿ ಅನ್ನುತ್ತಿರುವುದು ನಿಜಕ್ಕೂ ಕಾನೂನು ಅಲ್ವಾ? ಯುರೋಪಿನ ಮಿತಿ ಬಂದದ್ದು 2015ರ ನಿಯಮದಿಂದ. ಡೆಬಿಟ್‌ಗೆ 0.2%, ಕ್ರೆಡಿಟ್‌ಗೆ 0.3%, ಆ ವರ್ಷದ ಡಿಸೆಂಬರಿನಿಂದ ಜಾರಿ. ಅಮೆರಿಕದಲ್ಲೂ ಇದಕ್ಕೆ ಸಾಕ್ಷಿ ಇದೆ. 2010ರ ಡಾಡ್-ಫ್ರಾಂಕ್ ಕಾಯ್ದೆಯ ಡರ್ಬಿನ್ ತಿದ್ದುಪಡಿ ಡೆಬಿಟ್ ಕಾರ್ಡಿನ ಶುಲ್ಕಕ್ಕೆ ಮಿತಿ ಹಾಕಿತು. ದೊಡ್ಡ ಬ್ಯಾಂಕುಗಳಿಗೆ ಒಂದು ಸ್ವೈಪ್‌ಗೆ 21 ಸೆಂಟ್, ಜೊತೆಗೆ ಮೊತ್ತದ 0.05%. 2011ರ ಅಕ್ಟೋಬರಿನಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ ಮೈಲ್ ಕೊಡುವ ಡೆಬಿಟ್ ಕಾರ್ಡ್‌ಗಳು ಅಲ್ಲಿ ಇದ್ದವು. ಆಮೇಲೆ ಬಹುತೇಕ ಮಾಯವಾದವು. ಜನ ಅವರೇ, ರೂಢಿಯೂ ಅದೇ, ಬ್ಯಾಂಕೂ ಅದೇ. ಬದಲಾದದ್ದು ಒಂದು ಕಾನೂನು ಮಾತ್ರ.

---

ಕಿಟಕಿಸೀಟು

ಪಾಸ್‌ಬುಕ್ ಅವರೇ, ಡರ್ಬಿನ್ ಉದಾಹರಣೆಯನ್ನು ಪೂರ್ತಿ ಒಪ್ಪುತ್ತೇನೆ. ಅದು ಕಾನೂನಿನ ಕೆಲಸವೇ. ಆದರೆ ಜರ್ಮನಿಯ ವಿಷಯ ಹಾಗಲ್ಲ. 2015ಕ್ಕಿಂತ ಮುಂಚೆಯೂ ಅಲ್ಲಿ ವಿಮಾನದ ಕಾರ್ಡ್‌ಗಳು ಅಮೆರಿಕದಷ್ಟು ಧಾರಾಳವಾಗಿ ಇರಲಿಲ್ಲ.

ಅಲ್ಲಿನ ಜನರ ಕೈಯಲ್ಲಿ ಏನಿದೆ ನೋಡಿ. ಸಂಬಳ ಬೀಳುವುದು ಜಿರೋಕಾಂಟೊ ಎನ್ನುವ ಚಾಲ್ತಿ ಖಾತೆಗೆ. ಬಾಡಿಗೆ, ಕರೆಂಟ್, ವಿಮೆ ಎಲ್ಲ ಆ ಖಾತೆಯಿಂದಲೇ ನೇರವಾಗಿ ಕಡಿತವಾಗುತ್ತವೆ. ಅಂಗಡಿಯಲ್ಲಿ ಜಿರೋಕಾರ್ಡ್, ಅಂದರೆ ಖಾತೆಯ ಡೆಬಿಟ್ ಕಾರ್ಡ್. ಇಲ್ಲವೇ ನಗದು. ಜರ್ಮನಿಯ ಕೇಂದ್ರ ಬ್ಯಾಂಕ್ ಬುಂಡೆಸ್‌ಬ್ಯಾಂಕ್ 2023ರಲ್ಲಿ ಮಾಡಿದ ಸಮೀಕ್ಷೆಯಲ್ಲೂ ನೂರು ಪಾವತಿಗಳಲ್ಲಿ 51 ನಗದಿನವು. ಕೈ ಕಟ್ಟಿದಾಗ ಸಾಲ ತೆಗೆಯುವುದೂ ಖಾತೆಯಿಂದಲೇ. ಡಿಸ್ಪೊ ಎನ್ನುತ್ತಾರೆ, ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೆಗೆಯುವ ಸೌಲಭ್ಯ, ಓವರ್‌ಡ್ರಾಫ್ಟ್. ಅದರ ಬಡ್ಡಿ ಖಾತೆ ಇರುವ ಬ್ಯಾಂಕಿಗೆ ಹೋಗುತ್ತದೆ, ಕಾರ್ಡ್ ಕೊಟ್ಟವರಿಗೆ ಹೋಗುವುದಿಲ್ಲ. ಕ್ರೆಡಿಟ್ ಕಾರ್ಡ್ ಇದ್ದರೂ ತಿಂಗಳ ಕೊನೆಗೆ ಪೂರ್ತಿ ಮೊತ್ತ ಖಾತೆಯಿಂದ ತಾನಾಗೇ ಕಡಿತ.

ಕಾರ್ಡ್ ಮಾಡುವ ಬ್ಯಾಂಕಿನ ಕಣ್ಣಲ್ಲಿ ಇದನ್ನು ನೋಡಿ. ಸ್ವೈಪ್ ಕಡಿಮೆ, ಬಡ್ಡಿ ಇಲ್ಲವೇ ಇಲ್ಲ ಅನ್ನುವಷ್ಟು. 2015ರ ಮಿತಿ ಮೊದಲೇ ತೆಳುವಾಗಿದ್ದ ಆದಾಯವನ್ನು ಇನ್ನಷ್ಟು ತೆಳು ಮಾಡಿತು, ಅಷ್ಟೇ. ನೆದರ್ಲೆಂಡ್ಸ್ ಕೂಡ ಹೀಗೆಯೇ. 2005ರಲ್ಲಿ ಐಡೀಲ್ ಎನ್ನುವ ಆನ್‌ಲೈನ್ ಪಾವತಿ ವ್ಯವಸ್ಥೆ ಬಂತು. ಆನ್‌ಲೈನ್‌ನಲ್ಲಿ ವಿಮಾನದ ಟಿಕೆಟ್ ಕೊಳ್ಳುವಾಗಲೂ ಖಾತೆಯಿಂದ ನೇರ ಪಾವತಿ. ಟಿಕೆಟ್ ಕೊಳ್ಳಲೇ ಕ್ರೆಡಿಟ್ ಕಾರ್ಡ್ ಬೇಡ ಅಂದರೆ ವಿಮಾನದ ಕಾರ್ಡಿಗೆ ನೆಲೆ ಎಲ್ಲಿ?

ಇನ್ನೊಂದು ಮಾತು. ಕಾನೂನು ತಾನಾಗಿ ಬರುವುದಿಲ್ಲ. ಡೆಬಿಟ್ ಮೇಲೆ ಬದುಕುವ ಜನರಿರುವ ಕಡೆ ಇಂಟರ್‌ಚೇಂಜ್ ಇಳಿಸಿದರೆ ಯಾರೂ ಬೀದಿಗಿಳಿಯುವುದಿಲ್ಲ. ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡಿನ ಶುಲ್ಕಕ್ಕೆ ಕೈ ಹಾಕುತ್ತೇವೆ ಅಂದ ಕೂಡಲೇ ಬ್ಯಾಂಕುಗಳ ಜೊತೆ ವಿಮಾನ ಕಂಪನಿಗಳೂ ಎದ್ದು ನಿಲ್ಲುತ್ತವೆ.

---

ಹಳೇಲೆಡ್ಜರ್

ಅಮೆರಿಕದ ರೂಢಿ ಹೇಗೆ ಬೆಳೆಯಿತು ಎನ್ನುವುದನ್ನೂ ಹೇಳಬೇಕು. ಅದು ಸುಮ್ನೆ ಹುಟ್ಟಿದ್ದಲ್ಲ.

1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಿನಲ್ಲಿ ಸುಮಾರು 60,000 ಕಾರ್ಡ್‌ಗಳನ್ನು ಅಂಚೆಯಲ್ಲಿ ಮನೆಮನೆಗೆ ಕಳಿಸಿತು. ಯಾರೂ ಕೇಳಿರಲಿಲ್ಲ. ಬಿಲ್ಲನ್ನು ಪೂರ್ತಿ ಕಟ್ಟದೆ ಬಾಕಿ ಉಳಿಸಿಕೊಳ್ಳುವ ಅವಕಾಶ ಆ ಕಾರ್ಡಿನಲ್ಲಿ ಮೊದಲ ದಿನದಿಂದಲೇ ಇತ್ತು. ಕೇಳದೆ ಕಾರ್ಡ್ ಕಳಿಸುವುದು 1970ರಲ್ಲಿ ನಿಂತಿತು. ಅಷ್ಟರಲ್ಲಿ ಅಭ್ಯಾಸ ಬೇರು ಬಿಟ್ಟಿತ್ತು.

ಆಮೇಲೆ 1978ರ ಮಾರ್ಕೆಟ್ (Marquette) ನ್ಯಾಷನಲ್ ಬ್ಯಾಂಕ್ ತೀರ್ಪು. ಬ್ಯಾಂಕ್ ಯಾವ ರಾಜ್ಯದಲ್ಲಿ ನೆಲೆಸಿದೆಯೋ ಆ ರಾಜ್ಯದ ಬಡ್ಡಿ ನಿಯಮವನ್ನು ಇಡೀ ದೇಶದ ಗ್ರಾಹಕರಿಗೆ ಹಾಕಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಬಡ್ಡಿಗೆ ಮಿತಿ ತೆಗೆದ ಸೌತ್ ಡಕೋಟಾ ರಾಜ್ಯಕ್ಕೆ ಸಿಟಿಬ್ಯಾಂಕ್ 1981ರಲ್ಲಿ ತನ್ನ ಕಾರ್ಡ್ ವ್ಯವಹಾರವನ್ನು ಸಾಗಿಸಿತು. ಅದೇ 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಆಡ್ವಾಂಟೇಜ್ ಎನ್ನುವ ಮೈಲ್ ಯೋಜನೆ ಶುರು ಮಾಡಿತು. 1987ರಲ್ಲಿ ಇವೆರಡೂ ಸೇರಿ ಸಿಟಿ ಆಡ್ವಾಂಟೇಜ್ ಕಾರ್ಡ್ ಬಂತು. ಬಡ್ಡಿಯ ಬಾಗಿಲು ತೆರೆದ ಮೇಲೆ ಮೈಲಿನ ಬಾಗಿಲು ತೆರೆಯಿತು ಎನ್ನುವುದು ನನಗೆ ಯಾವತ್ತೂ ಕಾಕತಾಳೀಯ ಅನಿಸಿಲ್ಲ.

ಇವತ್ತು ಅಮೆರಿಕದವರ ಕಾರ್ಡ್ ಬಾಕಿ 1 ಲಕ್ಷ ಕೋಟಿ ಡಾಲರ್ ದಾಟಿದೆ, ಬಡ್ಡಿ 20%ಕ್ಕಿಂತ ಮೇಲೆ. ಡೆಲ್ಟಾ ವಿಮಾನ ಕಂಪನಿಗೆ ಅದರ ಕಾರ್ಡ್ ಕೊಡುವ ಅಮೆರಿಕನ್ ಎಕ್ಸ್‌ಪ್ರೆಸ್‌ನಿಂದ 2024ರಲ್ಲಿ ಬಂದ ಹಣ ಸುಮಾರು 740 ಕೋಟಿ ಡಾಲರ್. ಕೋವಿಡ್ ಕಾಲದಲ್ಲಿ ವಿಮಾನಗಳು ನೆಲ ಹಿಡಿದಾಗ ಯುನೈಟೆಡ್ ತನ್ನ ಮೈಲ್ ಯೋಜನೆ ಮೈಲೇಜ್‌ಪ್ಲಸ್ ಅನ್ನು ಒತ್ತೆ ಇಟ್ಟು 680 ಕೋಟಿ, ಡೆಲ್ಟಾ ಸ್ಕೈಮೈಲ್ಸ್ ಒತ್ತೆ ಇಟ್ಟು 900 ಕೋಟಿ, ಅಮೆರಿಕನ್ 2021ರಲ್ಲಿ ಆಡ್ವಾಂಟೇಜ್ ಒತ್ತೆ ಇಟ್ಟು 1,000 ಕೋಟಿ ಡಾಲರ್ ಎತ್ತಿದವು. ವಿಮಾನ ಒಂದೂ ಹಾರದಿದ್ದರೂ ಜನ ಕಾರ್ಡ್ ಉಜ್ಜುವುದು ನಿಲ್ಲುವುದಿಲ್ಲ ಎಂದು ಸಾಲ ಕೊಟ್ಟವರಿಗೆ ಗೊತ್ತಿತ್ತು.

---

ಹತ್ತನೇತಾರೀಕು

ಜಪಾನಿನ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ನನಗೆ ತುಂಬಾ ಇಷ್ಟವಾದ ಉದಾಹರಣೆ ಇದು.

ಅಲ್ಲಿ ಅಂಗಡಿಯಲ್ಲಿ ಕಾರ್ಡ್ ಕೊಟ್ಟರೆ ಕೌಂಟರಿನವರು "ಒಂದೇ ಸಲವೇ?" ಎಂದು ಕೇಳುವುದು ರೂಢಿ. ಅಂದರೆ ಈ ಮೊತ್ತವನ್ನು ಒಂದೇ ಸಲ ತೀರಿಸುತ್ತೀರೋ, ಕಂತು ಮಾಡಬೇಕೋ ಎಂದು ಖರೀದಿಯ ಹೊತ್ತಿಗೇ ಕೇಳುತ್ತಾರೆ. ಬಹಳ ಜನ ಹೇಳುವುದು "ಒಂದೇ ಸಲ". ಬೋನಸ್ ತಿಂಗಳಲ್ಲಿ ಕಟ್ಟುವ ಆಯ್ಕೆಯೂ ಇದೆ. ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ಕಂಪನಿ ಬೋನಸ್ ಕೊಡುತ್ತದೆ, ದೊಡ್ಡ ಖರೀದಿಯ ಹಣ ಆಗ ಕಡಿತವಾಗುತ್ತದೆ. ತಿಂಗಳ ಬಿಲ್ಲು ನಿಗದಿಯಾದ ದಿನ, ಬಹಳ ಕಾರ್ಡ್‌ಗಳಿಗೆ 10 ಅಥವಾ 27ನೇ ತಾರೀಕು, ಬ್ಯಾಂಕ್ ಖಾತೆಯಿಂದ ತಾನಾಗೇ ಹೋಗುತ್ತದೆ. ಬಾಕಿ ಉಳಿಸುವ ರಿಬೊ ಪದ್ಧತಿ ಇದೆ, ಬಡ್ಡಿ ಸುಮಾರು 15%. ಜನ ಅದನ್ನು ಭಯದಿಂದಲೇ ನೋಡುತ್ತಾರೆ.

ಈ ರೂಢಿಗೆ ತಕ್ಕಂತೆ ಕಾರ್ಡ್ ಮಾಡಿದ್ದಾರೆ. ಜಪಾನ್ ಏರ್‌ಲೈನ್ಸ್‌ನ ಜಾಲ್ ಕಾರ್ಡಿನಲ್ಲಿ ಮಾಮೂಲಿಯಾಗಿ 200 ಯೆನ್‌ಗೆ 1 ಮೈಲ್. ವರ್ಷಕ್ಕೆ ಇನ್ನೊಂದಿಷ್ಟು ಶುಲ್ಕ ಕಟ್ಟಿ "ಶಾಪಿಂಗ್ ಮೈಲ್ ಪ್ರೀಮಿಯಂ" ಸೇರಿಸಿಕೊಂಡರೆ 100 ಯೆನ್‌ಗೆ 1 ಮೈಲ್. ಬಡ್ಡಿಯಿಂದ ಬರುವುದಿಲ್ಲ ಎಂದು ಗೊತ್ತು, ಅದಕ್ಕೆ ಮೈಲಿನ ವೇಗವನ್ನೇ ಬಿಡಿಯಾಗಿ ಮಾರುತ್ತಾರೆ. ಯಾರಿಗೆ ಬೇಕೋ ಅವರು ತಮ್ಮ ಜೇಬಿನಿಂದ ಕೊಡುತ್ತಾರೆ. ಲೆಕ್ಕ ಎಷ್ಟು ಚೊಕ್ಕ ನೋಡಿ.

ಅಲ್ಲಿನ ಇನ್ನೊಂದು ವಿಮಾನ ಕಂಪನಿ ಎಎನ್ಎಯ ಸೂಪರ್ ಫ್ಲೈಯರ್ಸ್ ಕಾರ್ಡ್ ಇನ್ನೂ ಸ್ವಾರಸ್ಯ. ಒಂದು ವರ್ಷ ಬೇಕಾದಷ್ಟು ಹಾರಿ ಮೇಲಿನ ದರ್ಜೆಯ ಸದಸ್ಯತ್ವ ಗಳಿಸಿದರೆ ಈ ಕಾರ್ಡಿಗೆ ಅರ್ಜಿ ಹಾಕಬಹುದು. ಆಮೇಲೆ ಹಾರಲಿ ಬಿಡಲಿ, ಶುಲ್ಕ ಕಟ್ಟಿ ಕಾರ್ಡ್ ಇಟ್ಟುಕೊಂಡಷ್ಟು ಕಾಲ ಲೌಂಜ್ ಸೌಲಭ್ಯ ಉಳಿಯುವ ಪದ್ಧತಿ ದಶಕಗಳ ಕಾಲ ನಡೆದುಬಂತು. ಬ್ಯಾಂಕನ್ನೂ ಕಾರ್ಡನ್ನೂ ಬೇಗ ಬದಲಿಸದ ಜನರಿಗೆ ಹೇಳಿ ಮಾಡಿಸಿದ ಯೋಜನೆ. ಅಮೆರಿಕದಲ್ಲಿ ಇದರ ತಿರುಗುಮುರುಗು. 2022ರಿಂದ ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಕಾರ್ಡ್ ಖರ್ಚಿನಿಂದಲೇ ಮೇಲಿನ ದರ್ಜೆಗೆ ಏರಬಹುದು, ಆದರೆ ಅದನ್ನು ವರ್ಷ ವರ್ಷವೂ ಮತ್ತೆ ಗಳಿಸಬೇಕು.

---

ಚಿಲ್ಲರೆಲೆಕ್ಕ

ದಕ್ಷಿಣ ಕೊರಿಯಾವನ್ನು ಚಿಕ್ಕದಾಗಿ ಸೇರಿಸುತ್ತೇನೆ. ಅಲ್ಲಿ ರೂಢಿಯನ್ನು ಸರ್ಕಾರವೇ ಕೈಯಾರೆ ಬೆಳೆಸಿತು. ವ್ಯಾಪಾರಿಗಳು ತೆರಿಗೆ ತಪ್ಪಿಸಬಾರದು ಎಂದು 1999ರಲ್ಲಿ ಕಾರ್ಡ್ ಖರ್ಚಿಗೆ ಆದಾಯ ತೆರಿಗೆ ವಿನಾಯಿತಿ ಕೊಟ್ಟರು. 2000ದಲ್ಲಿ ಕಾರ್ಡ್ ರಸೀದಿಗೆ ಲಾಟರಿಯನ್ನೂ ಇಟ್ಟರು. ಜನ ಮುಗಿಬಿದ್ದರು. 2003ರಲ್ಲಿ ಬಾಕಿಗಳು ಕೆಟ್ಟು ಎಲ್‌ಜಿ ಕಾರ್ಡ್ ಮುಳುಗುವ ಹಂತಕ್ಕೆ ಬಂತು, ಸಾಲ ಕೊಟ್ಟವರು ಸೇರಿ ಉಳಿಸಿದರು. ಕಾರ್ಡ್ ಅಭ್ಯಾಸ ಮಾತ್ರ ಉಳಿಯಿತು. ಸಣ್ಣ ಅಂಗಡಿಗಳ ಶುಲ್ಕವನ್ನು ಸರ್ಕಾರ ಮತ್ತೆ ಮತ್ತೆ ಇಳಿಸುತ್ತಾ ಬಂದಂತೆ ಒಳ್ಳೆಯ ಮೈಲ್ ಕಾರ್ಡ್‌ಗಳನ್ನು ಕಂಪನಿಗಳು ಒಂದೊಂದಾಗಿ ನಿಲ್ಲಿಸಿದವು. ಅಲ್ಲಿನ ಕಾರ್ಡ್‌ಗಳಲ್ಲಿ "ಹೋದ ತಿಂಗಳು ಇಷ್ಟು ಖರ್ಚು ಮಾಡಿದ್ದರೆ ಈ ತಿಂಗಳು ಸೌಲಭ್ಯ" ಎನ್ನುವ ಷರತ್ತು ಸಾಮಾನ್ಯ.

---

ಹನ್ನೆರಡುಕಂತು

ಬ್ರೆಜಿಲ್ ಬೇಕೇ ಬೇಕು ಈ ಚರ್ಚೆಗೆ. ಅಲ್ಲಿನ ಕ್ರೆಡಿಟ್ ಕಾರ್ಡ್ ನಮ್ಮ ಕಲ್ಪನೆಗೇ ಬೇರೆ.

ಬ್ರೆಜಿಲ್‌ನಲ್ಲಿ ವಿಮಾನದ ಟಿಕೆಟ್ ಕೊಳ್ಳಲು ಹೋದರೆ ಬೆಲೆಯ ಪಕ್ಕದಲ್ಲೇ ಕಂತು ಬರೆದಿರುತ್ತದೆ. 10 ಕಂತು, 12 ಕಂತು, ಬಡ್ಡಿ ಇಲ್ಲ. ಪಾರ್ಸೆಲಾಡು ಸೆಂ ಜುರೊಸ್ ಎನ್ನುತ್ತಾರೆ. ಇದಕ್ಕೂ ಹಿಂದೆ ಮುಂದಿನ ತಾರೀಕು ಹಾಕಿದ ಚೆಕ್ಕುಗಳನ್ನು ಅಂಗಡಿಗೆ ಕೊಡುವ ಅಭ್ಯಾಸ ಇತ್ತು. ಬೆಲೆ ದಿನಕ್ಕೊಂದು ಥರ ಏರುತ್ತಿದ್ದ ಕಾಲವದು. 1994ರ ರಿಯಲ್ ಯೋಜನೆಯಿಂದ ಹಣದುಬ್ಬರ ಹಿಡಿತಕ್ಕೆ ಬಂದ ಮೇಲೂ ಕಂತಿನ ಮನಸ್ಸು ಹೋಗಲಿಲ್ಲ, ಚೆಕ್ಕಿನಿಂದ ಕಾರ್ಡಿಗೆ ಬಂತು. ಅಂಗಡಿಯವರಿಗೂ ಕಾರ್ಡ್ ಹಣ ಕೂಡಲೇ ಕೈಗೆ ಬರುವುದಿಲ್ಲ. ಒಂದೇ ಸಲ ಕಟ್ಟುವ ಕ್ರೆಡಿಟ್ ಮಾರಾಟದ ದುಡ್ಡು ಬರಲು ಸಾಮಾನ್ಯವಾಗಿ 30 ದಿನ ಬೇಕು. ಕಂತಾದರೆ ಕಂತಿನಂತೆ ಬರುತ್ತದೆ. ಮುಂಚೆಯೇ ಬೇಕಿದ್ದರೆ ಕಳೆದುಕೊಂಡು ತೆಗೆದುಕೊಳ್ಳಬೇಕು.

ಮೈಲ್‌ಗಳ ಲೆಕ್ಕ ಇನ್ನೂ ವಿಚಿತ್ರ. ಬಿಲ್ಲು ರಿಯಲ್‌ನಲ್ಲಿ, ಪಾಯಿಂಟ್ ಮಾತ್ರ ಡಾಲರಿಗೆ ಇಷ್ಟು ಎಂದು. ರಿಯಲ್ ಬಿದ್ದರೆ ಅಷ್ಟೇ ಖರ್ಚಿಗೆ ಪಾಯಿಂಟ್ ಕಡಿಮೆ. ಬ್ಯಾಂಕ್ ಕೊಡುವ ಪಾಯಿಂಟ್ ಲಿವೆಲೊ ಅಥವಾ ಎಸ್ಫೇರಾದಂಥ ಜಾಗದಲ್ಲಿ ಕೂರುತ್ತದೆ. ಲಿವೆಲೊ ಬ್ರಾಡೆಸ್ಕೊ ಮತ್ತು ಬ್ಯಾಂಕೊ ಡು ಬ್ರಾಸಿಲ್‌ನವರದು, ಎಸ್ಫೇರಾ ಸ್ಯಾಂಟ್ಯಾಂಡರ್‌ನದು. ಅನುಭವಸ್ಥರು ಪಾಯಿಂಟನ್ನು ಕೂಡಲೇ ವಿಮಾನ ಕಂಪನಿಗೆ ಸಾಗಿಸುವುದಿಲ್ಲ. ಗೋಲ್ ಕಂಪನಿಯ ಸ್ಮೈಲ್ಸ್ ಅಥವಾ ಲಾಟಾಂ ಪಾಸ್ "ಈ ವಾರ ಸಾಗಿಸಿದರೆ 80%, 100% ಬೋನಸ್" ಎಂದು ಹೇಳುವವರೆಗೆ ಕಾಯುತ್ತಾರೆ. ಮೊದಲೇ ಸಾಗಿಸಿದವರಿಗೆ ಅರ್ಧದಷ್ಟೇ ಸಿಕ್ಕಿದ ಹಾಗೆ.

ಮೈಲ್ ಕೊಂಡು ಮಾರುವ ಸಂತೆಯೇ ಅಲ್ಲಿ ಬೆಳೆಯಿತು. ಅದರ ಅಪಾಯವೂ ಕಂಡಿತು. ಅಗ್ಗದ ಟಿಕೆಟ್ ಮುಂಗಡ ಮಾರುತ್ತಿದ್ದ 123 ಮಿಲ್ಯಾಸ್ ಎನ್ನುವ ಕಂಪನಿ 2023ರ ಆಗಸ್ಟ್‌ನಲ್ಲಿ ಕೈ ಎತ್ತಿತು. ಟಿಕೆಟ್‌ಗೆ ದುಡ್ಡು ಕಟ್ಟಿ ಕಾಯುತ್ತಿದ್ದ ಕುಟುಂಬಗಳನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಇಷ್ಟೆಲ್ಲದರ ಕೆಳಗೆ ಯಾರಿದ್ದಾರೆ? ಬಾಕಿ ಉಳಿಸಿದವರು. ಬ್ರೆಜಿಲ್‌ನಲ್ಲಿ ಕಾರ್ಡ್ ಬಾಕಿಯ ಬಡ್ಡಿ ವರ್ಷಕ್ಕೆ 400% ದಾಟಿತ್ತು. ಟೈಪಿಂಗ್ ತಪ್ಪಲ್ಲ, ನಾನೂರು ಪರ್ಸೆಂಟ್. 2023ರ ಕಾನೂನಿನ ಪ್ರಕಾರ 2024ರ ಜನವರಿಯಿಂದ ಬಡ್ಡಿ, ಶುಲ್ಕ ಎಲ್ಲ ಸೇರಿ ಮೂಲ ಸಾಲದಷ್ಟನ್ನು ಮೀರುವಂತಿಲ್ಲ.

---

ಪಾಸ್‌ಬುಕ್

ಹನ್ನೆರಡುಕಂತು ಅವರ ಬರಹ ಓದಿ ನನ್ನ ವಾದ ಸ್ವಲ್ಪ ಸಡಿಲವಾಯಿತು, ಒಪ್ಪಿಕೊಳ್ಳುತ್ತೇನೆ. ಆದರೆ ಕಾನೂನು ದೊಡ್ಡದೋ ರೂಢಿ ದೊಡ್ಡದೋ ಎಂದು ಪರೀಕ್ಷೆ ಮಾಡಲು ಒಂದು ಒಳ್ಳೆಯ ಜಾಗ ಇದೆ: ಆಸ್ಟ್ರೇಲಿಯಾ. ಅಲ್ಲಿನ ರಿಸರ್ವ್ ಬ್ಯಾಂಕ್ 2003ರಲ್ಲೇ ಇಂಟರ್‌ಚೇಂಜನ್ನು ಸುಮಾರು 0.95%ರಿಂದ 0.55%ರ ಆಸುಪಾಸಿಗೆ ಇಳಿಸಿತು. ನನ್ನ ವಾದ ನಿಜವಾಗಿದ್ದರೆ ಅಲ್ಲಿ ವಿಮಾನದ ಕಾರ್ಡ್ ಸತ್ತೇ ಹೋಗಬೇಕಿತ್ತು. ಸಾಯಲಿಲ್ಲ. ಯಾರಾದರೂ ವಿವರಿಸಿ.

---

ಕಿಟಕಿಸೀಟು

ಇದನ್ನೇ ಕಾಯುತ್ತಿದ್ದೆ!

ಮಿತಿ ಬಂದಾಗ ಬ್ಯಾಂಕುಗಳು ಮೊದಲು ಡಾಲರಿಗೆ ಸಿಗುವ ಪಾಯಿಂಟ್ ಇಳಿಸಿದವು, ತಿಂಗಳಿಗೆ ಇಷ್ಟೇ ಎಂದು ಗೆರೆ ಎಳೆದವು. ಆಮೇಲೆ ಒಂದು ಸಂದು ಸಿಕ್ಕಿತು. ಒಂದೇ ಖಾತೆಗೆ ಎರಡು ಕಾರ್ಡ್, ಒಂದು ವೀಸಾ ಅಥವಾ ಮಾಸ್ಟರ್‌ಕಾರ್ಡ್, ಜೊತೆಗೊಂದು ಬ್ಯಾಂಕೇ ಕೊಡುವ ಅಮೆರಿಕನ್ ಎಕ್ಸ್‌ಪ್ರೆಸ್. ಎರಡನೆಯದಕ್ಕೆ ಮಿತಿ ಇರಲಿಲ್ಲ, ಹಾಗಾಗಿ ಅದರಲ್ಲಿ ಪಾಯಿಂಟ್ ಜಾಸ್ತಿ. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಸಂದನ್ನೂ ಮುಚ್ಚಿತು. ನಾಲ್ಕು ದೊಡ್ಡ ಬ್ಯಾಂಕುಗಳೂ ಆ ಜೋಡಿ ಕಾರ್ಡ್ ನಿಲ್ಲಿಸಿದವು.

ಆದರೂ ದೇಶದ ಕ್ರೆಡಿಟ್ ಕಾರ್ಡ್ ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತನ್ನ ಪಾಯಿಂಟ್ ಕೊಡುವ ಕಾರ್ಡ್‌ಗಳಲ್ಲೇ ನಡೆಯುತ್ತದೆ ಎಂದು ಅಲ್ಲಿನ ವಿಮಾನ ಕಂಪನಿ ಕ್ವಾಂಟಾಸ್ ಹೇಳಿಕೊಳ್ಳುತ್ತದೆ. ಹೇಗೆ? ನನ್ನ ಉತ್ತರ ಗೃಹಸಾಲದಲ್ಲಿದೆ.

ಅಲ್ಲಿ ಗೃಹಸಾಲದ ಜೊತೆ ಆಫ್‌ಸೆಟ್ ಖಾತೆ ಎಂದು ಕೊಡುತ್ತಾರೆ. ಆ ಖಾತೆಯಲ್ಲಿ ದಿನಾ ಎಷ್ಟು ಹಣ ಇರುತ್ತದೋ ಅಷ್ಟಕ್ಕೆ ಸಾಲದ ಬಡ್ಡಿ ಬೀಳುವುದಿಲ್ಲ. ಹಾಗಾಗಿ ಜಾಣರು ಸಂಬಳವನ್ನು ಅಲ್ಲೇ ಬಿಡುತ್ತಾರೆ. ತಿಂಗಳಿಡೀ ದಿನಸಿಯಿಂದ ಹಿಡಿದು ಪೆಟ್ರೋಲ್‌ವರೆಗೆ ಎಲ್ಲವನ್ನೂ ಕಾರ್ಡಿನಲ್ಲಿ ಮಾಡುತ್ತಾರೆ. ಗರಿಷ್ಠ 55 ದಿನ ಬಡ್ಡಿ ಇಲ್ಲದ ಅವಧಿ ಇರುತ್ತದೆ, ಕೊನೆಯ ದಿನ ಪೂರ್ತಿ ಕಟ್ಟುತ್ತಾರೆ. ಅಷ್ಟು ದಿನ ಅವರ ಸಂಬಳ ಗೃಹಸಾಲದ ಬಡ್ಡಿಯನ್ನು ತಗ್ಗಿಸುತ್ತಿರುತ್ತದೆ. ಕಾರ್ಡ್ ಅವರಿಗೆ ಮೈಲಿಗಾಗಿ ಮಾತ್ರ ಬೇಕಾದದ್ದಲ್ಲ. ಗೃಹಸಾಲದ ಪ್ಯಾಕೇಜಿನಲ್ಲೇ ಒಂದು ಒಳ್ಳೆಯ ಕಾರ್ಡನ್ನು ಶುಲ್ಕವಿಲ್ಲದೆ ಸೇರಿಸಿ ಕೊಡುವ ಬ್ಯಾಂಕುಗಳೂ ಇವೆ. ಗೃಹಸಾಲದ ಗ್ರಾಹಕ ದಶಕಗಟ್ಟಲೆ ಉಳಿಯುತ್ತಾನೆ, ಅವನಿಗಾಗಿ ಕಾರ್ಡಿನಲ್ಲಿ ಸ್ವಲ್ಪ ಕಳೆದುಕೊಂಡರೂ ಪರವಾಗಿಲ್ಲ.

ಮಿತಿಯಿಂದ ಆದದ್ದು ಏನೆಂದರೆ ಮೈಲ್ ಬರುವ ದಾರಿ ಬದಲಾಯಿತು. ದಿನದ ಸ್ವೈಪ್‌ನಿಂದ ಬರುವುದು ಕಡಿಮೆಯಾಗಿ, ಹೊಸ ಕಾರ್ಡಿನ ಬೋನಸ್‌ನಲ್ಲಿ ಒಂದೇ ಸಲ ಬರುವುದು ಜಾಸ್ತಿಯಾಯಿತು. ತುಂಬಿದ ಕೆರೆಗೆ ಒಂದು ಕಡೆ ಕಟ್ಟೆ ಹಾಕಿದರೆ ನೀರು ಇನ್ನೊಂದು ಕಡೆ ಕೋಡಿ ಬೀಳುತ್ತದೆ, ಹಾಗೆ. ಜರ್ಮನಿಯಲ್ಲಿ ಕೆರೆ ಮೊದಲೇ ತುಂಬಿರಲಿಲ್ಲ. ಒಂದೇ ಥರದ ಕಾನೂನು, ಎರಡು ದೇಶ, ಎರಡು ಫಲ. ರೂಢಿಗೆ ತೂಕ ಜಾಸ್ತಿ ಎಂದು ನಾನು ಹೇಳುವುದು ಇದರಿಂದಲೇ.

---

ಹಳೇಲೆಡ್ಜರ್

ಬ್ರಿಟನ್ ಇವೆರಡರ ನಡುವೆ ಬರುತ್ತದೆ. ಮಿತಿ ಯುರೋಪಿನದ್ದೇ, 0.3%. ಆದರೆ ಟಿಕೆಟ್ಟನ್ನು ಕ್ರೆಡಿಟ್ ಕಾರ್ಡಿನಲ್ಲೇ ಕೊಳ್ಳಬೇಕು ಎನ್ನುವ ಅಭ್ಯಾಸ ಗಟ್ಟಿ. ಕಾರಣ ಮೈಲ್ ಅಲ್ಲ, 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್. 100 ಪೌಂಡಿಗಿಂತ ಜಾಸ್ತಿ, 30,000 ಪೌಂಡಿನವರೆಗಿನ ಬೆಲೆಯ ಖರೀದಿಗೆ ಮಾರಿದವರ ಜೊತೆ ಕಾರ್ಡ್ ಬ್ಯಾಂಕೂ ಹೊಣೆ. 2017ರಲ್ಲಿ ಮೊನಾರ್ಕ್, 2020ರಲ್ಲಿ ಫ್ಲೈಬಿ ಮುಚ್ಚಿದಾಗ ಜನ ಹಣ ವಾಪಸ್ ಕೇಳಲು ಇದನ್ನು ಹಿಡಿದರು. ಮಿತಿ ಬಂದ ಮೇಲೆ ಲಾಯ್ಡ್ಸ್‌ನಂಥ ಬ್ಯಾಂಕುಗಳು ತಮ್ಮ ಏವಿಯೋಸ್ (ಬ್ರಿಟಿಷ್ ಏರ್‌ವೇಸ್‌ನ ಮೈಲಿಗೆ ಇರುವ ಹೆಸರು) ಕಾರ್ಡ್ ಕೈಬಿಟ್ಟವು. ಅಮೆರಿಕನ್ ಎಕ್ಸ್‌ಪ್ರೆಸ್ ತಾನೇ ಕೊಡುವ ಬ್ರಿಟಿಷ್ ಏರ್‌ವೇಸ್ ಕಾರ್ಡ್ ಉಳಿಯಿತು. ಅದರಲ್ಲಿ ಜನ ಬಯಸುವುದು ವರ್ಷಕ್ಕೆ ಇಷ್ಟು ಖರ್ಚು ಮಾಡಿದರೆ ಸಿಗುವ, ಜೊತೆಗೊಬ್ಬರನ್ನು ಕರೆದೊಯ್ಯಲು ಬಳಸುವ ವೋಚರ್.

---

ಚಿಲ್ಲರೆಲೆಕ್ಕ

ಬಡ್ಡಿಯನ್ನೇ ಧರ್ಮ ಒಪ್ಪದ ಕಡೆಯೂ ವಿಮಾನದ ಕಾರ್ಡ್ ಇದೆ, ಗಮನಿಸಿ. ದುಬೈನ ಎಮಿರೇಟ್ಸ್ ಇಸ್ಲಾಮಿಕ್ ಬ್ಯಾಂಕ್, ಎಮಿರೇಟ್ಸ್ ವಿಮಾನದ ಮೈಲ್ ಯೋಜನೆಯಾದ ಸ್ಕೈವಾರ್ಡ್ಸ್‌ನ ಕಾರ್ಡ್ ಕೊಡುತ್ತದೆ. ಇಸ್ಲಾಮಿಕ್ ಕಾರ್ಡ್‌ಗಳಲ್ಲಿ ಬಡ್ಡಿಯ ಜಾಗದಲ್ಲಿ ಸಾಮಾನ್ಯವಾಗಿ ನಿಗದಿತ ಸೇವಾ ಶುಲ್ಕ ಇರುತ್ತದೆ.

ಭಾರತದಲ್ಲಿ ಕತೆ ಈಗಷ್ಟೇ ತಿರುಗುತ್ತಿದೆ. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಇಲ್ಲ. ಸಣ್ಣ ಖರ್ಚೆಲ್ಲ ಯುಪಿಐಗೆ ಹೋಯಿತು, ಅಲ್ಲಿ ಮೈಲ್ ಕೊಳ್ಳಲು ಬ್ಯಾಂಕಿಗೆ ಬಿಡಿಗಾಸೂ ಬರುವುದಿಲ್ಲ. 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಬಿಟ್ಟಿದ್ದರಿಂದ ಸ್ವಲ್ಪ ದಾರಿ ತೆರೆದಿದೆ. ವಿಮಾನ ಕಂಪನಿಗಳೇ ಇಲ್ಲಿ ಸ್ಥಿರವಾಗಿಲ್ಲ. 2019ರಲ್ಲಿ ಜೆಟ್ ನಿಂತಿತು, 2024ರ ನವೆಂಬರಿನಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿತು. ಹಾಗಾಗಿ ಒಂದೇ ಕಂಪನಿಯ ಕಾರ್ಡಿಗಿಂತ ಹಲವು ಕಂಪನಿಗಳಿಗೆ ಸಾಗಿಸಬಹುದಾದ ಬ್ಯಾಂಕ್ ಪಾಯಿಂಟ್ ಜನಕ್ಕೆ ಹಿಡಿಸಿದೆ.

ಇನ್ನು ನನ್ನನ್ನು ಕಾಡುವ ವಿಷಯ. ಬಾಸ್ಟನ್ ಫೆಡರಲ್ ರಿಸರ್ವ್ 2010ರ ಅಧ್ಯಯನದಲ್ಲಿ ಒಂದು ಅಂದಾಜು ಕೊಟ್ಟಿತ್ತು. ಅಮೆರಿಕದಲ್ಲಿ ನಗದು ಬಳಸುವ ಕುಟುಂಬವೊಂದು ಸರಾಸರಿ ವರ್ಷಕ್ಕೆ 149 ಡಾಲರನ್ನು ಕಾರ್ಡ್ ಬಳಸುವವರಿಗೆ ಕೊಟ್ಟ ಹಾಗಾಗುತ್ತದೆ. ಕಾರ್ಡ್ ಬಳಸುವ ಕುಟುಂಬಕ್ಕೆ 1,133 ಡಾಲರ್ ಸೇರುತ್ತದೆ. ಅಂಗಡಿಯವರು ಕಾರ್ಡ್ ಶುಲ್ಕವನ್ನು ಎಲ್ಲರ ಬೆಲೆಯಲ್ಲೂ ಸೇರಿಸುತ್ತಾರಲ್ಲ, ಅದಕ್ಕೆ. ಇನ್ನೊಂದು ಅಧ್ಯಯನದ ಪ್ರಕಾರ ರಿವಾರ್ಡ್ ಕಾರ್ಡ್‌ಗಳಿಂದ ವರ್ಷಕ್ಕೆ ಸುಮಾರು 1,500 ಕೋಟಿ ಡಾಲರ್, ಕಡಿಮೆ ಓದಿದವರು ಮತ್ತು ಬಡವರ ಕಡೆಯಿಂದ ಜಾಸ್ತಿ ಓದಿದವರು ಮತ್ತು ಉಳ್ಳವರ ಕಡೆಗೆ ಹರಿಯುತ್ತದೆ. ನಮ್ಮ ಬಿಸಿನೆಸ್ ಕ್ಲಾಸ್ ಸೀಟಿಗೆ ಅವರು ದುಡ್ಡು ಕೊಡುವುದು ನ್ಯಾಯವೇ?

---

ಹತ್ತನೇತಾರೀಕು

ನ್ಯಾಯ ಅಲ್ಲ ಅಂತಲೇ ನನಗೂ ಅನಿಸುತ್ತದೆ. ಜಪಾನಿನ ಪದ್ಧತಿ ನನಗೆ ಹಿಡಿಸಲು ಅದೂ ಒಂದು ಕಾರಣ. ಮೈಲ್ ಬೇಕಾದವನೇ ಜಾಸ್ತಿ ಶುಲ್ಕ ಕಟ್ಟುತ್ತಾನೆ. ಸಿಗುವುದು ಕಡಿಮೆ, ಆದರೆ ಪಕ್ಕದವನ ಬಡ್ಡಿಯ ಮೇಲೆ ಅಷ್ಟಾಗಿ ನಿಂತಿಲ್ಲ.

---

ಹಳೇಲೆಡ್ಜರ್

ಆದರೆ ಯುರೋಪಿನಲ್ಲಿ ಶುಲ್ಕ ಇಳಿದಾಗ ಅಂಗಡಿಯವರು ಬೆಲೆಯನ್ನೂ ಅಷ್ಟೇ ಇಳಿಸಿದರೇ? ಒಂದು ಪರ್ಸೆಂಟಿಗಿಂತ ಕಡಿಮೆ ಬದಲಾವಣೆ ಬೆಲೆಚೀಟಿಯಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಮಿತಿ ಹಾಕಿದ ಮಾತ್ರಕ್ಕೆ ನಗದಿನವರಿಗೆ ನ್ಯಾಯ ಸಿಕ್ಕಿತು ಎಂದು ಹೇಳಲು ನನಗೆ ಧೈರ್ಯ ಬರುವುದಿಲ್ಲ.

---

ಮೊದಲಕಾರ್ಡ್

ಎಲ್ಲರಿಗೂ ಧನ್ಯವಾದ, ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನನ್ನದು ಸಣ್ಣ ಪ್ರಶ್ನೆ. ಕೆಲಸಕ್ಕಾಗಿ ಬೇರೆ ದೇಶಕ್ಕೆ ಹೋಗುವವರು ಅಲ್ಲಿನ ವಿಮಾನದ ಕಾರ್ಡ್ ತೆಗೆಯುವ ಮುಂಚೆ ಏನು ನೋಡಬೇಕು? ಇಂಟರ್ನೆಟ್‌ನಲ್ಲಿ ಸಿಗುವ ಸಲಹೆ ಬಹುತೇಕ ಅಮೆರಿಕದ್ದು.

---

ಕಿಟಕಿಸೀಟು

ಅಮೆರಿಕದ ಸಲಹೆಯನ್ನು ಅಮೆರಿಕಕ್ಕೇ ಬಿಡಿ. ಬೋನಸ್‌ಗಾಗಿ ಕಾರ್ಡ್ ಮೇಲೆ ಕಾರ್ಡ್ ತೆಗೆಯುವುದು ಅಲ್ಲಿ ನಡೆಯುತ್ತದೆ, ಆಸ್ಟ್ರೇಲಿಯಾದಲ್ಲೂ ಸ್ವಲ್ಪ ಮಟ್ಟಿಗೆ. ಜರ್ಮನಿ, ಜಪಾನ್‌ನಲ್ಲಿ ಅದೇ ಆಟ ಆಡಲು ಹೋದರೆ ಶುಲ್ಕ ಕಟ್ಟಿದ್ದೇ ಬರುತ್ತದೆ.

ನಿಮ್ಮ ಸಾಲದ ಚರಿತ್ರೆ ನಿಮ್ಮ ಜೊತೆ ಗಡಿ ದಾಟುವುದಿಲ್ಲ. ಎಷ್ಟೇ ಒಳ್ಳೆಯ ಸ್ಕೋರ್ ಇದ್ದರೂ ಹೊಸ ದೇಶದಲ್ಲಿ ಮೊದಲಿನಿಂದ ಶುರು. ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡ್ ಇರುವವರು ಕೆಲವು ದೇಶಗಳ ನಡುವೆ ಆ ಸಂಬಂಧ ಇಟ್ಟುಕೊಂಡೇ ಅಲ್ಲಿನ ಕಾರ್ಡಿಗೆ ಅರ್ಜಿ ಹಾಕಬಹುದು, ಹೊರಡುವ ಮುಂಚೆ ಅವರನ್ನು ಕೇಳಿ. ಉಳಿದವರು ಸಂಬಳ ಬೀಳುವ ಬ್ಯಾಂಕಿನಿಂದ ಶುರು ಮಾಡುವುದು ಸುಲಭ.

ವಾರ್ಷಿಕ ಶುಲ್ಕವನ್ನು ನಿಮ್ಮ ನಿಜವಾದ ಖರ್ಚಿಗೆ ಸಿಗುವ ಮೈಲ್‌ಗಳಿಂದ ಭಾಗಿಸಿ ನೋಡಿ. ಒಂದು ಮೈಲಿಗೆ ನೀವು ಎಷ್ಟು ಕೊಡುತ್ತಿದ್ದೀರಿ ಎನ್ನುವುದು ಬರುತ್ತದೆ. ಬೋನಸ್ ಮೈಲನ್ನು ಆ ಲೆಕ್ಕಕ್ಕೆ ಸೇರಿಸಬೇಡಿ, ಅದು ಮೊದಲ ವರ್ಷಕ್ಕೆ ಮಾತ್ರ.

ಇನ್ನೊಂದು, ಇದನ್ನು ದಯವಿಟ್ಟು ಮರೆಯಬೇಡಿ. ಜರ್ಮನಿಯ ಕೆಲವು ಕಾರ್ಡ್‌ಗಳಲ್ಲಿ ಪೂರ್ತಿ ಬಿಲ್ಲಿನ ಬದಲು ಕನಿಷ್ಠ ಮೊತ್ತ ಮಾತ್ರ ಕಡಿತವಾಗುವಂತೆ ಮೊದಲೇ ಸೆಟ್ ಆಗಿರುತ್ತದೆ. ಜಪಾನಿನಲ್ಲೂ ರಿಬೊಗೆಂದೇ ಮಾಡಿದ ಕಾರ್ಡ್‌ಗಳಿವೆ. ಆ ದೇಶದವರೆಲ್ಲ ಪೂರ್ತಿ ಕಟ್ಟುತ್ತಾರೆ ಎಂದು ಕೇಳಿ ನೀವೂ ನಿಶ್ಚಿಂತೆಯಿಂದ ಇದ್ದರೆ ತಿಂಗಳಾದ ಮೇಲೆ ಬಡ್ಡಿ ಬಂದು ಕೂರುತ್ತದೆ. ಕಾರ್ಡ್ ಕೈಗೆ ಬಂದ ದಿನವೇ ಆ್ಯಪ್ ತೆಗೆದು ಪಾವತಿಯ ಆಯ್ಕೆ 100% ಎಂದು ಇದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಮೊದಲ ಸ್ವೈಪ್‌ಗೆ ಮುಂಚೆ ಬದಲಿಸಿ.